ಬೇಸಿಗೆ ರಜೆ ಮತ್ತು ಬೀಗ ಹಾಕಿದ ಪೆಟ್ಟಿಗೆ

ಪರೀಕ್ಷೆ ಮುಗಿದ ಮರುದಿನ ವಿದ್ಯಾರ್ಥಿಗೆ ಎದುರಾಗುವ ಪ್ರಶ್ನೆಯೊಂದಕ್ಕೆ ಯಾವ ಗೈಡಿನಲ್ಲೂ ಉತ್ತರವಿಲ್ಲ. ಊರಿಗೇನೋ ಹೋಗಬಹುದು; ಆದರೆ ವರ್ಷವಿಡೀ ಕೂಡಿಹಾಕಿದ ಹಾಸಿಗೆ, ಬಕೆಟ್ಟು, ಫ್ಯಾನು, ಪುಸ್ತಕದ ಗಂಟುಗಳನ್ನು ಎಲ್ಲಿಡುವುದು? ಬೆಂಗಳೂರಿನ ದಂಡು ಪ್ರದೇಶದ ಶಿವಾಜಿನಗರ, ಹಲಸೂರುಗಳಿಂದ ಹಿಡಿದು ಪೂರ್ವಕ್ಕೆ ಇಂದಿರಾನಗರ, ಕೆ.ಆರ್.ಪುರದವರೆಗಿನ ಪಿ.ಜಿ.ಗಳಲ್ಲೂ ಬಾಡಿಗೆ ಕೋಣೆಗಳಲ್ಲೂ ಇರುವ ಹುಡುಗ ಹುಡುಗಿಯರಿಗೆ ಇದು ಪ್ರತಿ ರಜೆಯ ತಲೆನೋವು. ಕೋಣೆ ಉಳಿಸಿಕೊಂಡರೆ ಎರಡು ತಿಂಗಳ ಬಾಡಿಗೆ ದಂಡ. ಬಿಟ್ಟರೆ ಸಾಮಾನಿಗೆ ನೆಲೆಯಿಲ್ಲ. ಆದ್ದರಿಂದ ಒಂದೋ ಅದನ್ನು ಜತೆಗೆ ಒಯ್ಯಬೇಕು, ಇಲ್ಲವೇ ಯಾರದಾದರೂ ವಶಕ್ಕೆ ಕೊಟ್ಟು ಹೋಗಬೇಕು. ಕೊಟ್ಟು ಹೋದದ್ದು ಕಳೆದರೆ ಹೊಣೆ ಯಾರದು?

ಹಿಂದೆ ಈ ಪ್ರಶ್ನೆ ಇಷ್ಟು ದೊಡ್ಡದಾಗಿರಲಿಲ್ಲ. ವಾರಾನ್ನ ಉಂಡು ಓದುತ್ತಿದ್ದ ಕಾಲದ ವಿದ್ಯಾರ್ಥಿಯ ಆಸ್ತಿಯೆಂದರೆ ಒಂದು ತಗಡಿನ ಟ್ರಂಕು, ಒಂದು ಹಾಸಿಗೆಯ ಸುರುಳಿ. ಎರಡನ್ನೂ ಕೂಲಿಯವನ ತಲೆಯ ಮೇಲೆ ಹೊರಿಸಿದರೆ ಮನೆಯೇ ಹೊರಟಂತೆ. ಜೋಲಾರಪೇಟೆಯ ಕಡೆಯಿಂದ ಬೆಂಗಳೂರಿನ ದಂಡಿಗೆ 1864ರಲ್ಲಿ ರೈಲು ಬಂದ ಮೇಲೆ ಆ ಟ್ರಂಕಿಗೆ ದೂರದ ದಾರಿಯೂ ತೆರೆಯಿತು. ಇಂದು ಕೆ.ಆರ್.ಪುರದ ಮೂಲಕ ಹಾಯುವುದು ಅದೇ ಮಾರ್ಗ. ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ಆರಂಭವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೌರಾ, ಕಾಮಾಖ್ಯ, ಅಗರ್ತಲಾಗಳಿಗೆ ರೈಲುಗಳಿವೆ. ಎರಡು ಮೂರು ದಿನಗಳ ಪ್ರಯಾಣಕ್ಕೆ ಹಾಸಿಗೆ, ಬಕೆಟ್ಟುಗಳನ್ನು ಕಟ್ಟಿಕೊಂಡು ಹೊರಡುವವರು ಕಡಿಮೆ.

ರೈಲಿನಲ್ಲಿ ಒಯ್ಯುವುದಾದರೆ

ಟಿಕೆಟ್ಟಿನ ಜತೆಗೆ ಉಚಿತವಾಗಿ ಒಯ್ಯಬಹುದಾದ ಭಾರಕ್ಕೆ ಮಿತಿಯಿದೆ: ಎರಡನೇ ದರ್ಜೆಯಲ್ಲಿ 35 ಕಿಲೋ, ಸ್ಲೀಪರ್‌ನಲ್ಲಿ 40 ಕಿಲೋ. ಸ್ಲೀಪರ್ ಡಬ್ಬಿಯೊಳಗೆ ಒಯ್ಯುವ ಪೆಟ್ಟಿಗೆ 100 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರ ಮೀರಬಾರದು. ಮೀರಿದ್ದು ಬ್ರೇಕ್ ವ್ಯಾನಿಗೆ ಹೋಗಬೇಕು.

ಹಾಗೆ ಕಳಿಸುವುದಕ್ಕೆ ಎರಡು ದಾರಿಗಳಿವೆ. ಪ್ರಯಾಣಿಕನ ಟಿಕೆಟ್ಟಿನ ಮೇಲೆ ಅದೇ ರೈಲಿನಲ್ಲಿ ಬುಕ್ ಆಗಿ ಹೋಗುವುದು ಲಗೇಜು. ಪ್ರಯಾಣಿಕನಿಲ್ಲದೆಯೂ ಹೋಗುವುದು ಪಾರ್ಸಲ್. ಬೈಕು ಕಳಿಸುವವರು ನೋಂದಣಿ ಪತ್ರದ ಪ್ರತಿ ತರಬೇಕು, ಪೆಟ್ರೋಲ್ ಪೂರ್ತಿ ಇಳಿಸಬೇಕು, ಗಾಡಿಗೆ ಗೋಣಿ ಸುತ್ತಿಸಬೇಕು. ಊರು ತಲುಪಿದ ಮೇಲೆ ಬೇಗ ಬಿಡಿಸಿಕೊಳ್ಳದಿದ್ದರೆ ದಿನ ಕಳೆದಂತೆ ಶುಲ್ಕ ಏರುತ್ತದೆ.

ಇಲ್ಲಿ ರಸೀದಿಗೆ ಬೆಲೆ ಹೆಚ್ಚು. 1989ರ ರೈಲ್ವೆ ಕಾಯ್ದೆಯ 100ನೇ ಕಲಮಿನ ಪ್ರಕಾರ, ಸಿಬ್ಬಂದಿ ಬುಕ್ ಮಾಡಿಕೊಂಡು ರಸೀದಿ ಕೊಡದ ಲಗೇಜಿನ ನಷ್ಟಕ್ಕೆ ರೈಲ್ವೆ ಹೊಣೆಯಲ್ಲ. ಪ್ರಯಾಣಿಕ ತನ್ನ ಜತೆಯಲ್ಲೇ ಇಟ್ಟುಕೊಂಡ ಸಾಮಾನು ಹೋದರಂತೂ ರೈಲ್ವೆಯ ಕಡೆಯಿಂದ ತಪ್ಪಾಗಿದೆಯೆಂದು ರುಜುವಾತಾಗಬೇಕು. ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಬೀಗ ಹಾಕಿದ ಪೆಟ್ಟಿಗೆಯನ್ನಷ್ಟೇ ಇಟ್ಟುಕೊಳ್ಳುತ್ತಾರೆ, ಅದೂ ಸಾಮಾನ್ಯವಾಗಿ ಒಂದು ತಿಂಗಳ ಮಟ್ಟಿಗೆ. ಎರಡು ತಿಂಗಳ ರಜೆಗೆ ಅದು ಸಾಲದು.

ವಶಕ್ಕೆ ಕೊಟ್ಟು ಹೋಗುವುದಾದರೆ

ಹೆಚ್ಚಿನವರು ಕೊನೆಗೆ ಮೊರೆಹೋಗುವುದು ಪಿ.ಜಿ. ಮಾಲೀಕರನ್ನು, ನೆಂಟರನ್ನು ಅಥವಾ ಊರಲ್ಲೇ ಉಳಿಯುವ ಗೆಳೆಯರನ್ನು. ‘ಇಲ್ಲಿಟ್ಟಿರಿ, ಜೂನ್‌ನಲ್ಲಿ ಬಂದು ತಗೊಳ್ತೀನಿ’ ಎಂಬ ಒಂದು ಮಾತಿನಲ್ಲಿ ವ್ಯವಹಾರ ಮುಗಿಯುತ್ತದೆ. ಈ ಒಂದು ಮಾತಿನ ಹಿಂದೆ ಎಷ್ಟು ಹೊಣೆಯಿದೆ ಎಂಬುದನ್ನು ಕನ್ನಡ ನಾಡಿನಲ್ಲಿ ಸುಮಾರು 900 ವರ್ಷಗಳ ಹಿಂದೆಯೇ ವಿವರವಾಗಿ ಚರ್ಚಿಸಲಾಗಿತ್ತು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನ ಆಸ್ತಿ ಹಂಚಿಕೆಯ ವಿಚಾರಕ್ಕೆ ಹೆಸರಾದದ್ದು. ಆದರೆ ಪರರ ವಶದಲ್ಲಿಟ್ಟ ಸೊತ್ತಿನ ಪ್ರಕರಣವೂ ಅದರಲ್ಲಿದೆ. ಎಣಿಸಿ, ತೋರಿಸಿ ಕೊಟ್ಟದ್ದು ನಿಕ್ಷೇಪ. ಒಳಗೇನಿದೆ ಎಂದು ಹೇಳದೆ ಪೆಟ್ಟಿಗೆಯಲ್ಲಿ ಮುಚ್ಚಿ ಕೊಟ್ಟದ್ದು ಉಪನಿಧಿ. ರಜೆಗೆ ಹೊರಟ ವಿದ್ಯಾರ್ಥಿ ಬೀಗ ಹಾಕಿ ಒಪ್ಪಿಸುವ ಟ್ರಂಕು ಈ ಉಪನಿಧಿಯೇ.

ಅದನ್ನು ಇದ್ದ ಹಾಗೆಯೇ ಹಿಂದಿರುಗಿಸಬೇಕೆಂಬುದು ಸ್ಮೃತಿಯ ನಿಯಮ. ರಾಜನೋ ಕಳ್ಳರೋ ಒಯ್ದರೆ, ದೈವವಶಾತ್ ಹಾಳಾದರೆ ಇಟ್ಟುಕೊಂಡವನ ಮೇಲೆ ಹೊಣೆಯಿಲ್ಲ. ಆದರೆ ಒಡೆಯ ಬಂದು ಕೇಳಿದಾಗ ಕೊಡದೆ ಆಮೇಲೆ ಕಳೆದರೆ ಬೆಲೆಯನ್ನೂ ಕೊಡಬೇಕು, ದಂಡವನ್ನೂ ತೆರಬೇಕು. ತನ್ನಿಚ್ಛೆಯಂತೆ ಅದನ್ನು ಬಳಸಿಕೊಂಡವನಿಗೂ ದಂಡವುಂಟು.

ಇಂದು ಈ ವ್ಯವಹಾರವನ್ನು ಆಳುವ 1872ರ ಭಾರತೀಯ ಕರಾರು ಕಾಯ್ದೆ ಇಂಗ್ಲೆಂಡಿನ ನ್ಯಾಯಪದ್ಧತಿಯಿಂದ ಬಂದದ್ದು. ಆದರೂ ಅದು ಹೇಳುವುದು ಹೆಚ್ಚು ಕಡಿಮೆ ಇದನ್ನೇ. ಸಾಮಾನ್ಯ ವಿವೇಕವುಳ್ಳವನು ಅಂಥದೇ ತನ್ನ ವಸ್ತುವನ್ನು ಎಷ್ಟು ಜೋಪಾನ ಮಾಡುವನೋ ಅಷ್ಟು ಜೋಪಾನ ಮಾಡಬೇಕೆನ್ನುತ್ತದೆ 151ನೇ ಕಲಮು. ಬಾಡಿಗೆ ಪಡೆಯದೆ ಉಪಕಾರಕ್ಕಾಗಿ ಇಟ್ಟುಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ. ಅಷ್ಟು ಎಚ್ಚರ ವಹಿಸಿಯೂ ನಷ್ಟವಾದರೆ ಅವರು ಹೊಣೆಯಲ್ಲ. ಒಪ್ಪಿಗೆಯಿಲ್ಲದೆ ಬಳಸಿ ಕೆಡಿಸಿದರೆ ಪರಿಹಾರ ಕೊಡಬೇಕು.

ಎರಡು ಅಂಶಗಳನ್ನು ಇಲ್ಲಿ ನೆನಪಿಡಬೇಕು. ತನ್ನದೇ ಕೋಣೆಗೆ ತಾನೇ ಬೀಗ ಹಾಕಿ, ಬೀಗದ ಕೈಯನ್ನೂ ಒಯ್ದವನು ಸಾಮಾನನ್ನು ಯಾರ ವಶಕ್ಕೂ ಒಪ್ಪಿಸಿದಂತಲ್ಲ; ಆಗ ಮಾಲೀಕರ ಮೇಲೆ ಈ ಹೊಣೆ ಹೊರಿಸುವುದು ಕಷ್ಟ. ಇನ್ನೊಂದು, ಹಳೆಯ ಬಾಡಿಗೆ ಬಾಕಿಯಿದೆಯೆಂದು ಜೋಪಾನಕ್ಕೆ ಕೊಟ್ಟ ಪೆಟ್ಟಿಗೆಯನ್ನು ಹಿಡಿದಿಟ್ಟುಕೊಳ್ಳುವ ಹಕ್ಕು, ಹಾಗೆಂದು ಸ್ಪಷ್ಟ ಕರಾರು ಇಲ್ಲದಿದ್ದರೆ, ಮಾಲೀಕರಿಗಿಲ್ಲ. ಆ ಬಗೆಯ ಹಕ್ಕನ್ನು 171ನೇ ಕಲಮು ಬ್ಯಾಂಕಿನಂಥ ಕೆಲವರಿಗಷ್ಟೇ ಕೊಟ್ಟಿದೆ.

ಮಳೆ, ಗೆದ್ದಲು ಮತ್ತು ಒಂದು ಹಾಳೆ

ಕಳ್ಳರಿಗಿಂತ ದೊಡ್ಡ ಶತ್ರು ಬೆಂಗಳೂರಿನ ಬೇಸಿಗೆ ಮಳೆ. 2025ರ ಮೇ ತಿಂಗಳಲ್ಲಿ ಸುರಿದ ಮಳೆಗೆ ಹೊರಮಾವಿನ ಸಾಯಿ ಲೇಔಟ್ ಜಲಾವೃತವಾಗಿ ನೆಲಮಹಡಿಯ ಮನೆಗಳಿಗೆ ನೀರು ನುಗ್ಗಿತು. ಊರಿನಲ್ಲಿದ್ದವರು ಸಾಮಾನು ಮೇಲೆತ್ತಿಟ್ಟುಕೊಳ್ಳಬಹುದು, ಇಲ್ಲದವರ ಗಂಟಿಗೆ ಯಾರು ದಿಕ್ಕು? ಹೀಗಾಗಿ ನೆಲಮಾಳಿಗೆಗಿಂತ ಮಹಡಿ ಮೇಲು. ಟ್ರಂಕನ್ನು ಗೋಡೆಗೆ ತಾಗಿಸದೆ ಇಟ್ಟಿಗೆಯ ಮೇಲಿಟ್ಟರೆ ತೇವವೂ ಗೆದ್ದಲೂ ಬೇಗ ಹತ್ತುವುದಿಲ್ಲ. ಹಾಸಿಗೆಯನ್ನು ಬಿಸಿಲಿಗೆ ಹಾಕಿ ಒಣಗಿಸಿದ ಮೇಲೆಯೇ ಸುತ್ತಬೇಕು. ಬಟ್ಟೆಯ ನಡುವೆ ನುಸಿಗುಳಿಗೆ ಇರಲಿ. ತಿಂಡಿಯ ಪೊಟ್ಟಣ ಬೇಡ, ಇಲಿಗೆ ಅದೇ ಆಮಂತ್ರಣ. ಅಂಕಪಟ್ಟಿ, ವರ್ಗಾವಣೆ ಪತ್ರಗಳ ಮೂಲಪ್ರತಿ ಮಾತ್ರ ಜತೆಯಲ್ಲೇ ಇರಬೇಕು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಕೆಲವೇ ವಾರಗಳಲ್ಲಿ ಮರಳುವೆವೆಂದು ಒಂದು ಚೀಲದೊಂದಿಗೆ ಊರಿಗೆ ಹೋದ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಹಿಂದಿರುಗಲಾಗಲಿಲ್ಲ. ರಾಜ್ಯದ ಹಲವೆಡೆ ವಿದ್ಯಾರ್ಥಿನಿಲಯಗಳೇ ಕ್ವಾರಂಟೈನ್ ಕೇಂದ್ರಗಳಾದವು. ರಜೆ ಎಷ್ಟು ದೀರ್ಘವಾದೀತೆಂದು ಹೊರಡುವಾಗ ಯಾರಿಗೂ ತಿಳಿದಿರುವುದಿಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಇದಕ್ಕೆ ಪರಿಹಾರ ಒಂದು ಹಾಳೆ ಕಾಗದ. ಏನೇನು ಇಟ್ಟಿದೆ, ಎಲ್ಲಿಟ್ಟಿದೆ, ಬೀಗದ ಕೈ ಯಾರ ಬಳಿಯಿದೆ, ಯಾವ ತಾರೀಕಿಗೆ ಹಿಂದೆ ಪಡೆಯುವುದು, ಬರಲಾಗದಿದ್ದರೆ ಯಾರಿಗೆ ಕೊಡುವುದು ಎಂದು ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು. ಜತೆಗೆ ಮೊಬೈಲಿನಲ್ಲಿ ಒಂದು ಫೋಟೊ. ಕಾಗದ ಕೇಳಿದರೆ ನಂಬಿಕೆಯಿಲ್ಲವೆಂದು ತಿಳಿದಾರು ಎಂಬ ಸಂಕೋಚ ಸಹಜವೇ. ಆದರೆ ಆ ಹಾಳೆ ಇಟ್ಟುಕೊಂಡವರಿಗೂ ರಕ್ಷಣೆ. ಇಲ್ಲದ ವಸ್ತು ಕಳೆಯಿತೆಂಬ ಅಪವಾದದಿಂದ ಅವರನ್ನು ಪಾರುಮಾಡುವುದೂ ಅದೇ.