ಚಿಗರಿ ಹಾದಿ ಬದಲಿಸಿದಾಗ

ಹುಬ್ಬಳ್ಳಿ ವ್ಯಾಪಾರದ ಊರು. ಧಾರವಾಡ ವಿದ್ಯೆಯ ಊರು. ನಡುವಣ ಅಂತರ ಸುಮಾರು 20 ಕಿಲೋಮೀಟರು. ಈ ಅವಳಿ ನಗರಗಳು 1962ರಲ್ಲಿ ಒಂದೇ ಪಾಲಿಕೆಯ ಆಡಳಿತಕ್ಕೆ ಒಳಪಟ್ಟವು. ಆದರೆ ಅವುಗಳನ್ನು ನಿತ್ಯವೂ ಬೆಸೆಯುವ ಕೆಲಸ ಬಸ್ಸಿನದು.

2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡತೊಡಗಿ, 2020ರ ಫೆಬ್ರುವರಿ 2ರಂದು ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ತ್ವರಿತ ಬಸ್ ಸಾರಿಗೆಯ ಬಸ್ಸುಗಳಿಗೆ ‘ಚಿಗರಿ’ ಎಂದು ಹೆಸರು. ಚಿಗರಿಯೆಂದರೆ ಈ ನಾಡಿನ ಆಡುಮಾತಿನಲ್ಲಿ ಜಿಂಕೆ. ಹೆಸರಿಗೆ ತಕ್ಕ ಓಟವೂ ಅದಕ್ಕುಂಟು. ರಸ್ತೆಯ ನಡುವೆ ಅದಕ್ಕೆಂದೇ ಮೀಸಲಾದ ಪಥ. ಅಲ್ಲಿಯೇ ಎತ್ತರದ ಜಗಲಿಯುಳ್ಳ ನಿಲ್ದಾಣ. ಬಸ್ಸಿನ ಬಲಬದಿಯ ಬಾಗಿಲು ಜಗಲಿಗೆ ಸಮನಾಗಿ ನಿಲ್ಲುವುದರಿಂದ ಮುದುಕರಿಗೂ ಮೆಟ್ಟಿಲೇರುವ ಶ್ರಮವಿಲ್ಲ. ಟಿಕೆಟನ್ನು ನಿಲ್ದಾಣದಲ್ಲಿಯೇ ಕೊಳ್ಳುವುದರಿಂದ ಬಸ್ಸು ಬಹಳ ಹೊತ್ತು ಕಾಯಬೇಕಾಗಿಲ್ಲ.

ಆದರೆ ಈ ಸೌಕರ್ಯದೊಳಗೇ ಒಂದು ತೊಡಕೂ ಅಡಗಿದೆ. ಸಾಮಾನ್ಯ ಬಸ್ಸು ಅಡ್ಡಬೀದಿಗೆ ತಿರುಗಿದರೂ ಯಾವುದಾದರೊಂದು ಮರದ ನೆರಳಿನಲ್ಲಿ ನಿಂತು ಜನರನ್ನು ಹತ್ತಿಸಿಕೊಂಡೀತು. ಟ್ರಾಲಿ ಬಸ್ಸು ತಲೆಯ ಮೇಲಣ ವಿದ್ಯುತ್ ತಂತಿಗೆ ಕಟ್ಟುಬಿದ್ದಂತೆ, ಚಿಗರಿ ತನ್ನ ಜಗಲಿಗೆ ಕಟ್ಟುಬಿದ್ದಿದೆ. ಬಸ್ಸು ಬಳಸುದಾರಿ ಹಿಡಿಯಬಹುದು. ನಿಲ್ದಾಣ ಅದರ ಬೆನ್ನು ಹತ್ತಿ ಬರಲಾರದು.

2025ರ ಏಪ್ರಿಲ್‌ನಲ್ಲಿ ಈ ಮಾತು ಅನುಭವಕ್ಕೆ ಬಂದಿತು. ಕಿತ್ತೂರು ಚೆನ್ನಮ್ಮ ವೃತ್ತದ ಮೇಲ್ಸೇತುವೆಯ ಕಾಮಗಾರಿಗಾಗಿ ಹಳೆಯ ಬಸ್ ನಿಲ್ದಾಣದ ಬದಿಯ ರಸ್ತೆಯನ್ನು ಮುಚ್ಚಿ ಬಸ್ಸುಗಳನ್ನು ಬೇರೆಡೆಗೆ ತಿರುಗಿಸಲಾಯಿತು. ಹೊಸೂರು, ಗೋಕುಲ ರಸ್ತೆಯ ನಿಲ್ದಾಣಗಳ ಮೇಲೆ ಭಾರ ಹೆಚ್ಚಿತು. ಕುಂದಗೋಳದ ಕಡೆಯಿಂದ ಸತ್ತೂರಿನ ಆಸ್ಪತ್ರೆಗೆ ಹೊರಟ ರೋಗಿಗೆ ಇಂಥ ಬದಲಾವಣೆ ಸಣ್ಣದಲ್ಲ. ಎಲ್ಲಿ ಇಳಿಯಬೇಕು, ಚಿಗರಿಯನ್ನು ಎಲ್ಲಿ ಹಿಡಿಯಬೇಕು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯುವಷ್ಟರಲ್ಲಿ ವೈದ್ಯರ ವೇಳೆ ಮೀರಿರುತ್ತದೆ.

ರೈಲಿನ ಪ್ರಯಾಣಿಕನ ಪಾಡೂ ಇದೇ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಜಗತ್ತಿನಲ್ಲಿಯೇ ಅತಿ ಉದ್ದದ್ದೆಂಬ ಹಿರಿಮೆ ಅದರದು. ಗಂಟುಮೂಟೆಯೊಡನೆ ಅದನ್ನು ದಾಟಿ ಹೊರಬಂದವನಿಗೆ ಮುಂದಿನ ನೂರು ಹೆಜ್ಜೆಗಳೇ ದೂರವೆನಿಸುತ್ತವೆ.

ನಗರ ಬೆಳೆಯುವಾಗ ರಸ್ತೆ ಅಗೆಯುವುದು, ಹಾದಿ ತಿರುಗಿಸುವುದು ಅನಿವಾರ್ಯ. ಅಂಥ ದಿನಗಳಲ್ಲಿ ಮುಚ್ಚಿದ ನಿಲ್ದಾಣದ ಬಾಗಿಲಲ್ಲೇ ದಪ್ಪ ಅಕ್ಷರದ ಒಂದು ಫಲಕವಿದ್ದು, ಬದಲಿ ಬಸ್ಸು ಎಲ್ಲಿ ನಿಲ್ಲುವುದೆಂದು ತಿಳಿಸಿದರೆ, ದೂರದೂರಿನಿಂದ ಬಂದವನಿಗೆ ಅದೇ ದೊಡ್ಡ ಉಪಕಾರ.