ಗರಗಸದ ಮಿಲ್ಲಿನಿಂದ ಪ್ರೀಮಿಯರ್ ಪದವಿಗೆ

ಮಗ ಡಾಕ್ಟರಾಗಬೇಕೆಂಬುದು ತಂದೆಯ ಆಸೆ. ಮಗನಿಗೋ ವಿಜ್ಞಾನವೆಂದರೆ ಅಷ್ಟಕ್ಕಷ್ಟೆ, ಮನಸ್ಸೆಲ್ಲ ರಾಜಕೀಯದ ಕಡೆಗೆ. ನಮ್ಮ ಮನೆಗಳಲ್ಲಿ ರಿಸಲ್ಟ್ ಬಂದ ಮರುದಿನ ಕಾಣುವ ಈ ಜಗ್ಗಾಟ ಪಂಜಾಬಿನ ಜಲಂಧರ್ ಜಿಲ್ಲೆಯ ಆ ಮನೆಯಲ್ಲೂ ಇತ್ತು. ಆ ಮಗ ಉಜ್ಜಲ್ ದೊಸಾಂಜ್. 1964ರಲ್ಲಿ, ಇನ್ನೂ ಮೀಸೆ ಮೂಡುವ ವಯಸ್ಸಿನಲ್ಲೇ, ಅವರು ಇಂಗ್ಲೆಂಡಿಗೆ ಹೊರಟುಬಿಟ್ಟರು.

ತಾಯಿಯ ತಂದೆ ಮೂಲಾ ಸಿಂಗ್ ಬೈನ್ಸ್ ಸ್ವಾತಂತ್ರ್ಯ ಹೋರಾಟಗಾರರು. ತಂದೆ ಊರಿನ ಮಕ್ಕಳಿಗಾಗಿ ಶಾಲೆ ತೆರೆದವರು. ಆಸ್ತಿಗಿಂತ ಮಾತಿಗೆ ಬೆಲೆ ಕೊಡುವ ಮನೆತನ ಎನ್ನಬೇಕು.

ಇಂಗ್ಲೆಂಡಿನಲ್ಲಿ ರೇಡಿಯೊ ಕೇಳುತ್ತಾ ಇಂಗ್ಲಿಷ್ ಕಲಿತ ದೊಸಾಂಜ್ 1968ರಲ್ಲಿ ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ಸೇರಿದರು. ಸಿಕ್ಕಿದ್ದು ಮರ ಕೊಯ್ಯುವ ಮಿಲ್ಲಿನಲ್ಲಿ ಕೂಲಿ. ಅಲ್ಲಿ ಬೆನ್ನಿಗೆ ಪೆಟ್ಟು ಬಿದ್ದು ಆಪರೇಷನ್ನೂ ಆಯಿತು. ಮೈ ಬಗ್ಗಿಸುವ ಕೆಲಸಕ್ಕೆ ಅಲ್ಲಿಗೆ ಮುಕ್ತಾಯ. ಬೇರೆ ಯಾರಾದರೂ ಹಣೆಬರಹವೆಂದು ಕೈಚೆಲ್ಲುತ್ತಿದ್ದರೇನೋ, ಇವರು ಕಾಲೇಜಿಗೆ ಹೆಸರು ಬರೆಸಿದರು. ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದಿ, 1976ರಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ಪದವಿ ಪಡೆದರು. ವಕೀಲರಾದ ಮೇಲೆ, ಹೊಲಗಳಲ್ಲಿ ದುಡಿಯುವ ವಲಸೆ ಕಾರ್ಮಿಕರಿಗೆ ಕಾನೂನಿನ ನೆರವು ದೊರಕಿಸಲು ಓಡಾಡಿದರು. ಪತ್ನಿ ರಮಿಂದರ್ ಕೂಡ ಸುಮ್ಮನೆ ಕೂತವರಲ್ಲ. ವ್ಯಾಂಕೂವರಿನ ಇಂಡಿಯಾ ಮಹಿಳಾ ಅಸೋಸಿಯೇಷನ್ ಕಟ್ಟಿದವರಲ್ಲಿ ಅವರೂ ಒಬ್ಬರು.

1984ರಲ್ಲಿ ಅಮೃತಸರದ ಸ್ವರ್ಣಮಂದಿರಕ್ಕೆ ಸೇನೆ ನುಗ್ಗಿದ ಮೇಲೆ ಕೆನಡಾದ ಸಿಖ್ಖರಲ್ಲೂ ಸಿಟ್ಟು ಕುದಿಯುತ್ತಿತ್ತು. ಖಾಲಿಸ್ತಾನದ ಹೆಸರಿನಲ್ಲಿ ಹಿಂಸೆಯ ಮಾತು ಬಹಿರಂಗವಾಗಿಯೇ ಕೇಳಿಬರುತ್ತಿತ್ತು. ಅದು ತಪ್ಪೆಂದು ತಿಳಿದವರು ಬಹಳ ಮಂದಿ, ಬಾಯಿಬಿಟ್ಟು ಹೇಳಿದವರು ಕೆಲವರೇ. ಸ್ವತಃ ಸಿಖ್ಖರಾದ ದೊಸಾಂಜ್ ಹೇಳಿದರು. 1985ರ ಫೆಬ್ರುವರಿಯಲ್ಲಿ, ಅವರ ವಕೀಲಿ ಕಚೇರಿಯ ಹೊರಗೆ ಕಬ್ಬಿಣದ ಸಲಾಕೆಯ ಹೊಡೆತಗಳು ಬಿದ್ದವು. ಕೈ ಮುರಿಯಿತು, ತಲೆಗೆ ಸುಮಾರು 80 ಹೊಲಿಗೆ. ಮೂವರು ಗಂಡುಮಕ್ಕಳಿದ್ದ ಸಂಸಾರ. ಇನ್ನು ಈ ಉಸಾಬರಿ ಬೇಡವೆಂದು ಅವರು ಹಿಂದೆ ಸರಿದಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಆದರೆ ಗಾಯ ಮಾಯುವ ಮೊದಲೇ ಅವರು ಮತ್ತೆ ಮಾತನಾಡಿದರು. ಅವರ ಎಚ್ಚರಿಕೆಯಲ್ಲಿ ಎಷ್ಟು ಹುರುಳಿತ್ತೆಂಬುದು ಅದೇ ಜೂನ್ 23ರಂದು ಜಗತ್ತಿಗೇ ತಿಳಿಯಿತು. ಕೆನಡಾದಿಂದ ಹೊರಟ ಏರ್ ಇಂಡಿಯಾ ವಿಮಾನ ಬಾಂಬ್ ಸ್ಫೋಟದಿಂದ ಐರ್ಲೆಂಡಿನ ಬಳಿ ಸಮುದ್ರಕ್ಕೆ ಬಿದ್ದು 329 ಜನ ಸತ್ತರು.

ಚುನಾವಣೆಯ ಹಾದಿಯೂ ಸಲೀಸಾಗಿರಲಿಲ್ಲ. 1979ರಲ್ಲಿ ಸೋಲು, 1983ರಲ್ಲಿ ಮತ್ತೆ ಸೋಲು. 1991ರಲ್ಲಿ ನ್ಯೂ ಡೆಮಾಕ್ರಟಿಕ್ ಪಕ್ಷದಿಂದ ಗೆದ್ದು ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಶಾಸನಸಭೆ ಪ್ರವೇಶಿಸಿದರು. 1995ರಲ್ಲಿ ಅಟಾರ್ನಿ ಜನರಲ್ ಆದರು. ಸಲಾಕೆಯ ಏಟಿಗೆ ಕೋರ್ಟಿನಲ್ಲಿ ಯಾರಿಗೂ ಶಿಕ್ಷೆಯಾಗಿರಲಿಲ್ಲ, ಈಗ ಪ್ರಾಂತದ ನ್ಯಾಯಾಡಳಿತದ ಹೊಣೆಯೇ ಆ ಪೆಟ್ಟು ತಿಂದವರ ಕೈಗೆ ಬಂದಿತ್ತು!

2000ದ ಫೆಬ್ರುವರಿಯಲ್ಲಿ ಅವರು ಪ್ರೀಮಿಯರ್ ಆದರು. ನಮ್ಮ ಮುಖ್ಯಮಂತ್ರಿಗೆ ಸಮನಾದ ಹುದ್ದೆ ಅದು. ಭಾರತೀಯ ಮೂಲದವರೊಬ್ಬರು ಕೆನಡಾದ ಪ್ರಾಂತವೊಂದರ ಆಡಳಿತ ಹಿಡಿದದ್ದು ಅದೇ ಮೊದಲು. ಬಹಳ ಕಾಲ ಉಳಿಯಲಿಲ್ಲ. ಪಕ್ಷದ ಮೇಲೆ ಜನ ಮುನಿದಿದ್ದರು. 2001ರ ಚುನಾವಣೆಯಲ್ಲಿ 79 ಸ್ಥಾನಗಳ ಪೈಕಿ ಆ ಪಕ್ಷಕ್ಕೆ ದಕ್ಕಿದ್ದು ಎರಡೇ, ದೊಸಾಂಜ್ ಅವರೂ ಸೋತರು. 2004ರಲ್ಲಿ ಲಿಬರಲ್ ಪಕ್ಷದಿಂದ ಸಂಸತ್ತಿಗೆ ಆಯ್ಕೆಯಾಗಿ 2006ರವರೆಗೆ ಕೆನಡಾದ ಆರೋಗ್ಯ ಸಚಿವರಾಗಿದ್ದರು. ತಂದೆಯ ಡಾಕ್ಟರ್ ಕನಸು ಅಷ್ಟರಮಟ್ಟಿಗಾದರೂ ಈಡೇರಿತೆಂದು ನಗಬಹುದು. 2011ರಲ್ಲಿ ಸೋತ ಅವರು 2016ರಲ್ಲಿ ಆತ್ಮಕಥೆ ಪ್ರಕಟಿಸಿದರು.