ಕಂಪ್ಯೂಟರ್ ಯಾಕೆ ಹೀಗೆ ಕೂಗಾಡುತ್ತೆ?

ಏಪ್ರಿಲ್ ಬಂತೆಂದರೆ ನೆಂಟರಿಷ್ಟರಿಂದ ನನಗೆ ಬರುವ ಫೋನುಗಳಲ್ಲಿ ಅರ್ಧದಷ್ಟು ಒಂದೇ ದೂರಿನವು. “ಹೊಸದಾಗಿ ಜೋಡಿಸಿದ ಕಂಪ್ಯೂಟರ್ ಕಣೋ, ಮಿಕ್ಸಿ ಥರ ಸದ್ದು ಮಾಡುತ್ತೆ. ಒಳಗೆ 85 ಡಿಗ್ರಿ ಅಂತ ತೋರಿಸ್ತಿದೆ. ಸುಟ್ಟುಗಿಟ್ಟು ಹೋಗುತ್ತಾ?” ಸಾಫ್ಟ್‌ವೇರ್ ಎಂಜಿನಿಯರ್ ಅಂದಮೇಲೆ ಫ್ಯಾನ್ ರಿಪೇರಿಯೂ ಬರಲೇಬೇಕು ಅನ್ನುವುದು ನಮ್ಮ ಕಡೆಯ ನಂಬಿಕೆ. ಟಿವಿ ರಿಮೋಟ್ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ಪುಣ್ಯಕ್ಕೆ, ಕಂಪ್ಯೂಟರಿನ ಬಿಸಿ ಮತ್ತು ಸದ್ದು ನನಗೂ ಇಷ್ಟದ ವಿಷಯ. ಇಷ್ಟು ವರ್ಷ ಬೇರೆ ಬೇರೆ ಮನೆಗಳಲ್ಲಿ ಈ ಡಬ್ಬಗಳನ್ನು ಬಿಚ್ಚಿ ನೋಡಿದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಹತ್ತರಲ್ಲಿ ಎಂಟು ಮನೆಗಳಲ್ಲಿ ತೊಂದರೆ ಇರುವುದು ಗಾಳಿಯ ದಾರಿಯಲ್ಲಿ. ಅಲ್ಲಿ ದುಬಾರಿ ಕೂಲರ್ ತಂದು ಹಾಕಿದರೂ ಅಷ್ಟಕ್ಕಷ್ಟೇ.

ಮೊದಲು ಆ 85 ಡಿಗ್ರಿಯ ಭಯ. ನಮಗೆ 100 ಡಿಗ್ರಿ ಎಂದರೆ ಕುದಿಯುವ ಚಹಾದ ನೀರು ಕಣ್ಣಿಗೆ ಬರುತ್ತೆ, ಅದಕ್ಕೇ ಗಾಬರಿ. ಚಿಪ್ಪಿನ ಲೆಕ್ಕವೇ ಬೇರೆ. ಎಎಂಡಿ ಕಂಪನಿ 2022ರಲ್ಲಿ ರೈಜೆನ್ 7000 ಸರಣಿ ತಂದಾಗ, ಭಾರೀ ಕೆಲಸ ಕೊಟ್ಟರೆ ಇವು 95 ಡಿಗ್ರಿಯವರೆಗೆ ಹೋಗುತ್ತವೆ, ಅವುಗಳನ್ನು ಹಾಗೆಂದೇ ರೂಪಿಸಿದ್ದೇವೆ ಎಂದು ತಾನೇ ಹೇಳಿತ್ತು. ಇಂಟೆಲ್‌ನ ಇತ್ತೀಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಆ ಗಡಿ ಸಾಮಾನ್ಯವಾಗಿ 100 ಡಿಗ್ರಿ. ಗಡಿ ಮುಟ್ಟಿದರೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತೆ. ಅದಕ್ಕೂ ಬಗ್ಗದಿದ್ದರೆ ಯಂತ್ರ ಆಫ್ ಆಗುತ್ತೆ. ಬೆಂಕಿ ಹತ್ತಿಕೊಳ್ಳುವ ಕಥೆ ಇಲ್ಲಿಲ್ಲ. ಸುಮ್ಮನೆ ಯೂಟ್ಯೂಬ್ ನೋಡುವಾಗಲೇ 85 ತೋರಿಸುತ್ತಿದ್ದರೆ ಮಾತ್ರ ಏನೋ ಎಡವಟ್ಟಾಗಿದೆ ಎಂದು ಅರ್ಥ.

ಇನ್ನೊಂದು ವಿಷಯ. ಒಳಗಿನ ಬಿಸಿಯನ್ನು ಕೋಣೆಯ ಬಿಸಿಯ ಜೊತೆ ಇಟ್ಟು ನೋಡಬೇಕು. ಗಾಳಿಯಿಂದ ತಣ್ಣಗಾಗುವ ಯಾವ ವಸ್ತುವೂ ಆ ಗಾಳಿಗಿಂತ ತಣ್ಣಗಾಗಲಾರದು. ಡಿಸೆಂಬರಿನ ಬೆಂಗಳೂರಿನಲ್ಲಿ ಕೋಣೆ 22 ಡಿಗ್ರಿ ಇದ್ದಾಗ ಪ್ರೊಸೆಸರ್ 70 ತೋರಿಸಿದರೆ, ಅದೇ ಯಂತ್ರ ಅದೇ ಕೆಲಸಕ್ಕೆ ಮೇ ತಿಂಗಳ ರಾಯಚೂರಿನಲ್ಲಿ, ಕೋಣೆಯೇ 37 ಡಿಗ್ರಿ ಇರುವಾಗ, ಹೆಚ್ಚುಕಡಿಮೆ 85 ತೋರಿಸುತ್ತೆ. ಯಂತ್ರ ಕೆಟ್ಟಿಲ್ಲ, ಊರು ಬಿಸಿ. ವಿದೇಶದವರ ವಿಡಿಯೋ ನೋಡಿ “ಅವರದು 62, ನಮ್ಮದು 80” ಎಂದು ಕೊರಗುವವರು ಮೊದಲು ಅವರ ಕೋಣೆಯಲ್ಲಿ ಎಷ್ಟಿತ್ತು ಎಂದು ನೋಡಿ.

ಈಗ ಸದ್ದಿನ ವಿಷಯಕ್ಕೆ ಬರೋಣ. ಹೋದ ಬೇಸಿಗೆಯಲ್ಲಿ ದಾವಣಗೆರೆಯಲ್ಲಿರುವ ನನ್ನ ದೊಡ್ಡಪ್ಪನ ಮಗಳ ಮನೆಗೆ ಹೋಗಿದ್ದೆ. ಅಕ್ಕನ ಮಗ ಡಿಗ್ರಿ ಓದುತ್ತಾ ರಾತ್ರಿ ಹೊತ್ತು ಮದುವೆ ವಿಡಿಯೋ ಎಡಿಟ್ ಮಾಡಿಕೊಡುತ್ತಾನೆ. ಅದರಿಂದ ಬಂದ ದುಡ್ಡಲ್ಲೇ ತನ್ನ ಕಾಲೇಜ್ ಫೀಸು ಕಟ್ಟುತ್ತಾನೆ, ಕಂಪ್ಯೂಟರನ್ನೂ ಅದರಿಂದಲೇ ಜೋಡಿಸಿಕೊಂಡಿದ್ದ. ಎರಡು ಬೆಡ್‌ರೂಮಿನ ಮನೆ. ಅವನ ಕೋಣೆಯಲ್ಲೇ ಅಜ್ಜಿ, ಅಂದರೆ ಅಕ್ಕನ ಅತ್ತೆ, ಮಲಗುತ್ತಾರೆ. ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಸಾಕು, ಡಬ್ಬ ಅಬ್ಬರಿಸುತ್ತಿತ್ತು. “ಗಿರಣಿ ಪಕ್ಕದಾಗ ಮಲಗಿದಂಗಾಗತೈತಿ ನೋಡಪ್ಪ” ಅಂದರು ಅಜ್ಜಿ. ರಕ್ತದೊತ್ತಡ ಇರುವ ಜೀವ, ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ. ಭಾವ ಅಂತೂ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: ರಾತ್ರಿ ಹತ್ತರ ಮೇಲೆ ಅದನ್ನ ಹಚ್ಚಂಗಿಲ್ಲ. ಹಗಲು ಕಾಲೇಜು, ರಾತ್ರಿ ಯಂತ್ರ ಬಂದ್. ಕೆಲಸ ಕೊಟ್ಟ ಸ್ಟುಡಿಯೋದವರು ಎಷ್ಟು ದಿನ ಕಾಯುತ್ತಾರೆ? ಯಂತ್ರ ಜೋಡಿಸಿಕೊಟ್ಟ ಅಂಗಡಿಯವರು, ಒಂಬತ್ತು ಸಾವಿರ ಕೊಟ್ಟು ಲಿಕ್ವಿಡ್ ಕೂಲರ್ ಹಾಕಿಸಿ, ಎಲ್ಲಾ ಸರಿಹೋಗುತ್ತೆ ಅಂದಿದ್ದರಂತೆ. “ಹಾಕಿಸ್ಲಾ ಮಾಮ?” ಅಂತ ಹುಡುಗ ಕೇಳಿದ. ತಡಿ, ನೋಡೋಣ ಅಂದೆ.

ನೋಡಿದರೆ, ಆ ಡಬ್ಬವನ್ನು ನಮ್ಮ ಮನೆಗಳಲ್ಲೆಲ್ಲ ಇರುವಂಥ ಕಂಪ್ಯೂಟರ್ ಟೇಬಲ್ಲಿನ ಗೂಡಿನೊಳಗೆ ತುರುಕಿದ್ದರು. ಮೂರು ಕಡೆ ಪ್ಲೈವುಡ್, ಹಿಂದೆ ಗೋಡೆ, ಮುಂದೆ ಬಾಗಿಲು. ಧೂಳು ಬೀಳಬಾರದೆಂದು ಅಕ್ಕ ಹೊಲಿದ ಹೂವಿನ ಬಟ್ಟೆಯೊಂದು ಮೇಲಿನ ಜಾಲರಿ ಮುಚ್ಚಿತ್ತು. ಯಂತ್ರ ಬಿಟ್ಟ ಬಿಸಿಗಾಳಿಯನ್ನೇ ಯಂತ್ರ ಮತ್ತೆ ಎಳೆದುಕೊಳ್ಳುತ್ತಿತ್ತು. ಕೋಣೆ 33 ಡಿಗ್ರಿ ಇದ್ದರೆ ಗೂಡಿನೊಳಗೆ 44. ಅಲ್ಲಿಗೆ ಎಂಥ ಕೂಲರ್ ಹಾಕಿದರೂ ಅದು ಹೊರಡುವುದೇ 44ರಿಂದ.

ಗಾಳಿಯ ದಾರಿ ಎಂದರೇನು ಎಂದು ಹುಡುಗನಿಗೆ ಹೇಳಲು ಹಳ್ಳಿಯ ನಮ್ಮ ಹಳೆ ಮನೆಯನ್ನೇ ನೆನಪಿಸಿದೆ. ಮುಂಬಾಗಿಲು, ನಡುಮನೆ, ಹಿತ್ತಲ ಬಾಗಿಲು ಒಂದೇ ಸಾಲಿಗೆ ಇರುತ್ತಿದ್ದವು. ಎರಡೂ ತೆರೆದರೆ ತಂಗಾಳಿ ಸರಾಗವಾಗಿ ಹಾದುಹೋಗುತ್ತಿತ್ತು. ಒಂದು ಮುಚ್ಚಿದರೆ ಇನ್ನೊಂದು ತೆರೆದಿದ್ದೂ ದಂಡ. ಕ್ಯಾಬಿನೆಟ್ಟೂ ಹಾಗೇ. ಮುಂದಿನಿಂದ ತಂಪು ಗಾಳಿ ಬರಬೇಕು, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಮೇಲೆ ಹಾದು, ಹಿಂದಿನಿಂದ ಮತ್ತು ಮೇಲಿನಿಂದ ಹೋಗಬೇಕು. ಇವತ್ತು ಮಾರ್ಕೆಟ್ಟಿನಲ್ಲಿ ಚೆಂದಕ್ಕೆಂದು ಮುಂದೆ ಗಾಜು ಬಡಿದ ಕ್ಯಾಬಿನೆಟ್‌ಗಳೇ ಹೆಚ್ಚು. ಗಾಜಿನ ಹಿಂದೆ ಬಣ್ಣಬಣ್ಣದ ಮೂರು ಫ್ಯಾನು ತಿರುಗುತ್ತವೆ, ಗಾಳಿ ಬರುವುದು ಮಾತ್ರ ಪಕ್ಕದ ಬೆರಳಗಲದ ಸಂದಿಯಿಂದ. ಮೂಗು ಮುಚ್ಚಿಕೊಂಡು ಓಡಿದ ಹಾಗೆ. ನನ್ನನ್ನು ಕೇಳಿದರೆ, ಮುಂದೆ ಜಾಲರಿ ಇರುವ ಕ್ಯಾಬಿನೆಟ್ಟನ್ನೇ ತಗೊಳ್ಳಿ. ದೀಪಾವಳಿ ಸೀರಿಯಲ್ ಲೈಟನ್ನು ಬೇಕಾದರೆ ಗೋಡೆಗೆ ಕಟ್ಟಿ.

ಗಾಳಿ ಸಾಲುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ, ಇದಕ್ಕೆ ದುಡ್ಡು ಬೇಡ. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ, ಹದಿನೈದು ನಿಮಿಷ ಭಾರೀ ಕೆಲಸ ಕೊಟ್ಟು ಡಿಗ್ರಿ ಬರೆದಿಟ್ಟುಕೊಳ್ಳಿ. ಆಮೇಲೆ ಪಕ್ಕದ ಬಾಗಿಲು ಬಿಚ್ಚಿಟ್ಟು ಮತ್ತೆ ಹದಿನೈದು ನಿಮಿಷ ನೋಡಿ. ಎರಡು ಮೂರು ಡಿಗ್ರಿ ಮಾತ್ರ ಇಳಿದರೆ ಗಾಳಿಯ ದಾರಿ ಸರಿಯಿದೆ, ದೋಷ ಕೂಲರಿನದು ಅಥವಾ ಅದರಡಿಯ ಪೇಸ್ಟಿನದು. ಹತ್ತು ಡಿಗ್ರಿ ಇಳಿದರೆ ಕ್ಯಾಬಿನೆಟ್ಟಿಗೆ ಉಸಿರುಕಟ್ಟಿದೆ. ಅಳಿಯನ ಯಂತ್ರ ಗೂಡಿನೊಳಗೆ 94 ಮುಟ್ಟಿ ವೇಗ ಕಳೆದುಕೊಳ್ಳುತ್ತಿತ್ತು. ಮೇಜಿನ ಪಕ್ಕ ಸ್ಟೂಲಿನ ಮೇಲಿಟ್ಟರೆ 86. ಪಕ್ಕದ ಗಾಜೂ ತೆಗೆದಾಗ 79. ಒಂದು ರೂಪಾಯಿ ಖರ್ಚಿಲ್ಲದೆ 15 ಡಿಗ್ರಿ.

ಸದ್ದು ಮಾತ್ರ ಹಾಗೇ ಇತ್ತು. ಕಾರಣ ಕೇಳಿದರೆ ನಗು ಬರುತ್ತೆ. ಮುಂದಿನ ಮೂರು ಬಣ್ಣದ ಫ್ಯಾನುಗಳ ವೈರನ್ನು ಮದರ್‌ಬೋರ್ಡಿಗೆ ಕೊಡದೆ ನೇರ ಪವರ್ ಸಪ್ಲೈಗೆ ಸಿಕ್ಕಿಸಿದ್ದರು. ಹಾಗೆ ಕೊಟ್ಟರೆ ಫ್ಯಾನಿಗೆ ಸದಾ 12 ವೋಲ್ಟ್. ಕೆಲಸ ಇರಲಿ ಬಿಡಲಿ, ರೆಗ್ಯುಲೇಟರ್ ಕೆಟ್ಟ ಸೀಲಿಂಗ್ ಫ್ಯಾನಿನ ಹಾಗೆ ಐದರಲ್ಲೇ ತಿರುಗುತ್ತೆ. ಮದರ್‌ಬೋರ್ಡಿನಲ್ಲಿ ಫ್ಯಾನಿಗೆಂದೇ ನಾಲ್ಕು ಪಿನ್ನಿನ ಜಾಗಗಳಿರುತ್ತವೆ. ನಾಲ್ಕನೇ ಪಿನ್ನು ವೇಗ ಹೇಳುವ ಪಿನ್ನು. ಹೊಸ ಯಂತ್ರ ಜೋಡಿಸುವವರು ಫ್ಯಾನ್ ಕೊಳ್ಳುವಾಗ ಬಣ್ಣ ನೋಡುವ ಮೊದಲು ಪಿನ್ನು ಎಣಿಸಿ.

ನಿಧಾನಕ್ಕೆ ತಿರುಗುವುದರಲ್ಲಿ ಇರುವ ಲಾಭ ನಾವಂದುಕೊಂಡದ್ದಕ್ಕಿಂತ ದೊಡ್ಡದು. ಎಂಜಿನಿಯರಿಂಗಿನಲ್ಲಿ ಓದಿದ ಫ್ಯಾನಿನ ನಿಯಮಗಳಲ್ಲಿ ಈಗಲೂ ಉಪಯೋಗಕ್ಕೆ ಬರುವಂಥದ್ದು ಇದೇ: ಒಂದು ಫ್ಯಾನಿನ ವೇಗ ಅರ್ಧ ಮಾಡಿದರೆ ಗಾಳಿ ಅರ್ಧ ಆಗುತ್ತೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತೆ. ಹತ್ತು ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತೆ. ಅದೇ ಅರ್ಧ ವೇಗದಲ್ಲಿ ಇನ್ನೊಂದು ಫ್ಯಾನ್ ಸೇರಿಸಿದರೆ ಸದ್ದು ಹೆಚ್ಚುವುದು 3 ಡೆಸಿಬೆಲ್ ಅಷ್ಟೇ. ಅಂದರೆ ಜೋರಾಗಿ ಓಡುವ ಒಂದರ ಬದಲು ನಿಧಾನಕ್ಕೆ ಓಡುವ ಎರಡು ಇದ್ದರೆ, ಗಾಳಿ ಹೆಚ್ಚುಕಡಿಮೆ ಅಷ್ಟೇ, ಸದ್ದು 12 ಡೆಸಿಬೆಲ್ ಕಡಿಮೆ. ದೊಡ್ಡ ಫ್ಯಾನಿನ ಗುಟ್ಟೂ ಇದೇ. 140 ಮಿಲಿಮೀಟರಿನದು ನಿಧಾನಕ್ಕೆ ತಿರುಗಿದರೂ ಸಾಕಷ್ಟು ಗಾಳಿ ತಳ್ಳುತ್ತೆ. ಪ್ರೊಸೆಸರ್ ಡಬ್ಬದ ಜೊತೆ ಬರುವ ಪುಟ್ಟ ಕೂಲರ್ ಅದೇ ಕೆಲಸಕ್ಕೆ ಕಿರುಚಬೇಕಾಗುತ್ತೆ.

ಅಳಿಯನಿಗೆ ನಾವು ತರಿಸಿದ್ದು ನಾಲ್ಕು ತಾಮ್ರದ ಕೊಳವೆಗಳಿರುವ ಸಾಧಾರಣ ಟವರ್ ಕೂಲರ್, ನಾಲ್ಕು ಪಿನ್ನಿನ ಎರಡು ಫ್ಯಾನ್. ಎಲ್ಲಾ ಸೇರಿ ಮೂರೂವರೆ ಸಾವಿರದ ಒಳಗೆ. ಕೂಲರಿನ ತಳಕ್ಕೆ ಅಂಟಿಸಿರುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮೊದಲು ಕಿತ್ತುಹಾಕಿದೆವು. ಅದನ್ನು ಹಾಗೇ ಬಿಟ್ಟು ಕೂರಿಸಿದ ಯಂತ್ರಗಳನ್ನು ನಾನೇ ಎರಡು ನೋಡಿದ್ದೇನೆ. ಪೇಸ್ಟು ಬಟಾಣಿಯಷ್ಟು ಸಾಕು, ದೋಸೆಗೆ ಬೆಣ್ಣೆ ಸವರಿದ ಹಾಗೆ ಬೇಡ. ದಾವಣಗೆರೆಯಲ್ಲಿ ಈ ಮಾತಿಗೆ ಹುಡುಗ ಒಪ್ಪಲಿಲ್ಲ, ಅದು ಬೇರೆ ವಿಷಯ.

ಉಳಿದದ್ದು ಬಯೋಸ್‌ನಲ್ಲಿ. ಈಗಿನ ಪ್ರೊಸೆಸರ್‌ಗಳ ಬಿಸಿ ಬ್ರೌಸರ್ ತೆರೆದ ಒಂದೇ ಕ್ಷಣಕ್ಕೆ 45ರಿಂದ 65ಕ್ಕೆ ಹಾರುತ್ತೆ, ಮರುಕ್ಷಣ ಇಳಿಯುತ್ತೆ. ಫ್ಯಾನೂ ಅದರ ಹಿಂದೆಯೇ ವ್ರೂಂ ಅಂತ ಎದ್ದು ಕೂತು ಮಾಡುತ್ತೆ. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತೆ, ಈ ಏರಿಳಿತಕ್ಕೆ ಒಗ್ಗುವುದಿಲ್ಲ. ಅಜ್ಜಿಯ ನಿದ್ದೆ ಕೆಡಿಸುತ್ತಿದ್ದುದೂ ಬಹುಪಾಲು ಇದೇ. ಫ್ಯಾನ್ ಸೆಟ್ಟಿಂಗಿನಲ್ಲಿ 65 ಡಿಗ್ರಿಯವರೆಗೆ ಒಂದೇ ನಿಧಾನ ವೇಗ ಇಟ್ಟು, ಅಲ್ಲಿಂದ ಮೇಲೆ ಮೆಲ್ಲಗೆ ಏರಲು ಹೇಳಬಹುದು. ವೇಗ ಬದಲಿಸುವ ಮೊದಲು ಕೆಲವು ಸೆಕೆಂಡು ಕಾಯಲು ಹೇಳುವ ಆಯ್ಕೆಯೂ ಹಲವು ಮದರ್‌ಬೋರ್ಡ್‌ಗಳಲ್ಲಿದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರೊಸೆಸರಿಗೆ ಸಿಗುವ ವಿದ್ಯುತ್ತನ್ನೇ ಸ್ವಲ್ಪ ಮೊಟಕು ಮಾಡಿದೆವು. ಕೊನೆಯ ಚೂರು ವೇಗಕ್ಕೆ ಪ್ರೊಸೆಸರ್ ಎಷ್ಟೋ ಪಾಲು ಹೆಚ್ಚು ಕರೆಂಟ್ ತಿನ್ನುತ್ತೆ. ಅಳಿಯನ ಯಂತ್ರದಲ್ಲಿ ಹನ್ನೊಂದು ನಿಮಿಷದ ಎಕ್ಸ್‌ಪೋರ್ಟ್ ಹನ್ನೆರಡು ನಿಮಿಷವಾಯಿತು, ಬಿಸಿ 72ಕ್ಕೆ ನಿಂತಿತು. ಆ ರಾತ್ರಿ ಹನ್ನೊಂದಕ್ಕೆ ವಿಡಿಯೋ ಹಾಕಿ ನಾವಿಬ್ಬರೂ ಅಜ್ಜಿಯ ಮುಖ ನೋಡುತ್ತಾ ಕೂತೆವು. ಅವರು ನಮ್ಮ ಪಿಸುಮಾತಿಗೇ ಗದರಿ, ಮಗ್ಗುಲು ಬದಲಿಸಿ ಮಲಗಿದರು. ಭಾವ ಬೆಳಿಗ್ಗೆ ಏನೂ ಹೇಳಲಿಲ್ಲ. ಹತ್ತು ಗಂಟೆಯ ಕಾಯಿದೆಯ ಸುದ್ದಿ ಆಮೇಲೆ ಬಂದಿಲ್ಲ.

ಲಿಕ್ವಿಡ್ ಕೂಲರ್ ಬೇಡವೇ ಬೇಡ ಎಂದಲ್ಲ. ಇಂಟೆಲ್‌ನ ಕೋರ್ ಐ9-14900ಕೆ ಥರದ್ದು 253 ವ್ಯಾಟ್‌ವರೆಗೆ ಎಳೆಯುತ್ತೆ. ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಅಷ್ಟು ಶಾಖ ಅಂದರೆ ದೊಡ್ಡ ರೇಡಿಯೇಟರ್ ಬೇಕೇ ಬೇಕು. ಆದರೆ 65 ವ್ಯಾಟಿನ ಪ್ರೊಸೆಸರಿಗೆ ಅದು ಹೋಳಿಗೆ ತಟ್ಟಲು ಜೆಸಿಬಿ ತರಿಸಿದಂತೆ. ಪಂಪಿನದೂ ಒಂದು ಸದ್ದು ಸೇರಿಕೊಳ್ಳುತ್ತೆ, ಕೆಟ್ಟರೆ ರಿಪೇರಿಯೂ ಕಷ್ಟ. ನೀರು ಹರಿದರೂ ಶಾಖ ಮಾಯವಾಗುವುದಿಲ್ಲ, ಕೊನೆಗೆ ಕೋಣೆಗೇ ಬರುತ್ತೆ. ಗ್ರಾಫಿಕ್ಸ್ ಕಾರ್ಡೂ ಸೇರಿ 360 ವ್ಯಾಟ್ ಎಳೆಯುವ ಯಂತ್ರ ಎಂದರೆ ಹಳೆಯ 60 ವ್ಯಾಟಿನ ಆರು ಬಲ್ಬ್ ಹಚ್ಚಿಟ್ಟ ಹಾಗೆ. ಬೇಸಿಗೆಯಲ್ಲಿ ಕಿಟಕಿ ತೆರೆದಿಡುವುದೂ ಕೂಲಿಂಗಿನ ಒಂದು ಭಾಗವೇ.

ಸದ್ದೇ ಬೇಡ ಎಂದು ಫ್ಯಾನನ್ನೇ ಕಿತ್ತುಹಾಕಿದವರೂ ಇದ್ದರು. ಸ್ಟೀವ್ ಜಾಬ್ಸ್‌ಗೆ ಫ್ಯಾನಿನ ಸದ್ದು ಕಂಡರಾಗುತ್ತಿರಲಿಲ್ಲ. 1980ರ ಆಪಲ್ 3 ಫ್ಯಾನಿಲ್ಲದೆ ಬಂತು. ಬಿಸಿಯಾಗಿ ಒಳಗಿನ ಚಿಪ್ಪುಗಳು ಸಡಿಲಗೊಳ್ಳುತ್ತಿದ್ದವು, ಯಂತ್ರವನ್ನು ತುಸು ಎತ್ತಿ ಮೇಜಿನ ಮೇಲೆ ಕುಕ್ಕಿದರೆ ಸರಿಹೋಗುತ್ತೆ ಎಂದು ಗಿರಾಕಿಗಳಿಗೆ ಸಲಹೆ ಕೊಡುತ್ತಿದ್ದರು ಎಂಬ ಕಥೆ ಕಂಪ್ಯೂಟರ್ ಮಂದಿಯಲ್ಲಿ ಇನ್ನೂ ಓಡಾಡುತ್ತಿದೆ.

ಧೂಳಿನ ಬಗ್ಗೆ ಹೇಳದಿದ್ದರೆ ಅಕ್ಕ ಬೈತಾಳೆ. ಬಟ್ಟೆ ಹೊದಿಸಿ, ಆದರೆ ಯಂತ್ರ ಆಫ್ ಆಗಿರುವಾಗ ಮಾತ್ರ. ಒಳಗೆ ಬರುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಿದ್ದರೆ ಒಳ್ಳೆಯದು, ಆಗ ಗಾಳಿ ಫಿಲ್ಟರ್ ದಾಟಿಯೇ ಬರುತ್ತೆ, ಸಂದಿಗೊಂದಿಗಳಿಂದ ಧೂಳು ನುಗ್ಗುವುದಿಲ್ಲ. ದೇವರಮನೆಯ ಊದುಬತ್ತಿಯ ಹೊಗೆ, ಒಗ್ಗರಣೆಯ ಎಣ್ಣೆಹೊಗೆ ತಾಗುವ ಜಾಗದಲ್ಲಿ ಯಂತ್ರ ಇಡಬೇಡಿ, ಆ ಜಿಡ್ಡಿಗೆ ಧೂಳು ಕಚ್ಚಿಕೊಂಡರೆ ಬ್ರಷ್ಷಿಗೂ ಬಗ್ಗದು. ಎರಡು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಬಾಲ್ಕನಿಗೆ ಒಯ್ದು, ಮೆತ್ತನೆ ಬ್ರಷ್ಷಿನಿಂದ ಇಲ್ಲವೇ ಬ್ಲೋವರಿನಿಂದ ಶುಚಿ ಮಾಡಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆಹಿಡಿಯಬೇಕು. ಬುಗುರಿಯಂತೆ ಅತಿ ವೇಗದಲ್ಲಿ ಸುತ್ತಿದರೆ ಬೇರಿಂಗ್ ಹಾಳಾಗುತ್ತೆ.

ಇಷ್ಟೆಲ್ಲಾ ಆದಮೇಲೂ ಸದ್ದು ಉಳಿದರೆ, ಎಲ್ಲಿಂದ ಬರುತ್ತಿದೆ ಎಂದು ಕ್ಯಾಲೆಂಡರ್ ಸುತ್ತಿ ಕೊಳವೆ ಮಾಡಿಕೊಂಡು ಡಾಕ್ಟರ ಥರ ಕೇಳಿ. ಗರಗರ ಅಂದರೆ ಬೇರಿಂಗ್, ಆ ಫ್ಯಾನ್ ಬದಲಿಸಿ. ಟಕಟಕ ಅಂದರೆ ಯಾವುದೋ ವೈರ್ ರೆಕ್ಕೆಗೆ ತಾಗುತ್ತಿದೆ. ಗೇಮ್ ಆಡುವಾಗ ಮಾತ್ರ ಸೊಳ್ಳೆಯ ಹಾಗೆ ಸಣ್ಣಗೆ ಕೀಂ ಎನ್ನುತ್ತಿದ್ದರೆ, ಅದು ಗ್ರಾಫಿಕ್ಸ್ ಕಾರ್ಡಿನ ಅಥವಾ ಪವರ್ ಸಪ್ಲೈನ ಒಳಗಿನ ಸುರುಳಿಗಳು ಕಂಪಿಸುವ ಸದ್ದು. ಯಂತ್ರಕ್ಕೆ ಅಪಾಯವಿಲ್ಲ, ಫ್ಯಾನ್ ಬದಲಿಸಿದರೆ ಹೋಗುವಂಥದ್ದೂ ಅಲ್ಲ. ವಾರಂಟಿ ಇದ್ದರೆ ಅಂಗಡಿಯವರನ್ನು ಒಮ್ಮೆ ಕೇಳಿ ನೋಡಿ. ಇಲ್ಲದಿದ್ದರೆ ಹೆಡ್‌ಫೋನ್ ಹಾಕಿಕೊಳ್ಳಿ.